ತೂಕ ಇಳಿಸಿದ್ರೆ ಸೋರೋದು ನಿಲ್ಲುತ್ತಾ?

ನಾನು ತುಮಕೂರಿನಲ್ಲಿ ಫಿಸಿಯೋಥೆರಪಿಸ್ಟ್. ಮಂಡಿ ನೋವು ಅಂತ ಬಂದ ಹೆಂಗಸರು ಹೊರಡುವಾಗ ಬಾಗಿಲ ಹತ್ತಿರ ನಿಂತು ದನಿ ಇಳಿಸುತ್ತಾರೆ. "ಮೇಡಂ, ಸೀನಿದ್ರೆ ಒಂದೆರಡು ತೊಟ್ಟು ಮೂತ್ರ ಹೋಗುತ್ತೆ. ತೂಕ ಇಳಿಸಿದ್ರೆ ನಿಲ್ಲುತ್ತಾ?"

ಪೂರ್ತಿ ನಿಲ್ಲುತ್ತದೆ ಅಂತ ಮಾತು ಕೊಡಲಾರೆ. ಕಡಿಮೆಯಂತೂ ಆಗುತ್ತದೆ. ಅದಕ್ಕೆ ತೆಳ್ಳಗೇ ಆಗಬೇಕಿಲ್ಲ.

ಮೂತ್ರಚೀಲದ ಕೆಳಗೆ ಸ್ನಾಯುಗಳ ಒಂದು ಜೋಲಿ ಇದೆ, ಸೀರೆಯಲ್ಲಿ ಮಗುವಿಗೆ ಕಟ್ಟುತ್ತೇವಲ್ಲ, ಹಾಗೆ. ಹೆರಿಗೆಯಲ್ಲಿ ಅದು ಒಮ್ಮೆ ಹಿಗ್ಗಿರುತ್ತದೆ. ಮುಟ್ಟು ನಿಲ್ಲುವ ವಯಸ್ಸಿಗೆ ಈಸ್ಟ್ರೋಜೆನ್ ಅನ್ನೋ ಹಾರ್ಮೋನು ಇಳಿದು ಮೂತ್ರನಾಳದ ಒಳಪದರವೂ ತೆಳುವಾಗುತ್ತದೆ. ಅದರ ಮೇಲೆ ಹೊಟ್ಟೆಯ ಬೊಜ್ಜು ಹಗಲೂ ರಾತ್ರಿ ಒತ್ತುತ್ತಾ ಇದ್ದರೆ ಜೋಲಿ ಜಗ್ಗದೆ ಇನ್ನೇನು? ಆಮೇಲೆ ಒಂದು ಸೀನು, ತುಂಬಿದ ಬಿಂದಿಗೆ ಎತ್ತೋದು, ಅಷ್ಟೇ ಸಾಕು.

ಅಮೆರಿಕದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ತೂಕ ಜಾಸ್ತಿ ಇದ್ದ, ಸೋರುವ ತೊಂದರೆಯೂ ಇದ್ದ 338 ಹೆಂಗಸರು. ಆಹಾರ, ವ್ಯಾಯಾಮದಿಂದ ಆರು ತಿಂಗಳಲ್ಲಿ ಸರಾಸರಿ ಶೇ 8ರಷ್ಟು ತೂಕ ಇಳಿಸಿದವರಲ್ಲಿ ಸೋರುವುದು ಶೇ 47ರಷ್ಟು ಕಮ್ಮಿಯಾಯಿತು. ಬರೀ ತಿಳಿವಳಿಕೆ ಹೇಳಿಸಿಕೊಂಡ ಗುಂಪಿನಲ್ಲೂ ಶೇ 28ರಷ್ಟು ಇಳಿಯಿತು ಅನ್ನಿ, ಹಾಗಾಗಿ ಎಲ್ಲಾ ತೂಕದ್ದೇ ಮಹಿಮೆ ಅಲ್ಲ. ಆದರೂ 80 ಕಿಲೋ ಇರುವವರಿಗೆ ಶೇ 8 ಅಂದರೆ ಆರೂವರೆ ಕಿಲೋ ಹತ್ತಿರ. ಆಗದ ಕೆಲಸವೇನಲ್ಲ, ಅಲ್ವಾ?

ಬೀಗ ತೆಗೆಯುವಷ್ಟರಲ್ಲಿ ಅವಸರವಾಗಿ ಹೋಗಿಬಿಡುವುದು ಬೇರೆ ಥರ. ಅದಕ್ಕೆ ತೂಕದ ಜೊತೆ ಶುಗರ್ ಕೂಡ ನೋಡಿಸಿ. ಉರಿ, ರಕ್ತ ಇದ್ದರೆ ಸೀದಾ ಡಾಕ್ಟರ ಹತ್ತಿರ.

ನನಗೆ ಸಿಟ್ಟು ಬರುವುದು ನೀರಿನ ವಿಷಯಕ್ಕೆ. ಸೋರುತ್ತದೆ ಅನ್ನೋ ಭಯಕ್ಕೆ ಈ ಹೆಂಗಸರು ಬೆಂಗಳೂರು ಬಸ್ಸು ಹತ್ತುವ ದಿನ ಬೆಳಗ್ಗೆಯಿಂದ ಬಾಯಿಗೆ ಹನಿ ನೀರು ಹಾಕುವುದಿಲ್ಲ. ಮೂತ್ರ ಗಟ್ಟಿಯಾಗಿ ಚೀಲವನ್ನು ಕೆರಳಿಸುತ್ತದೆ, ಮಲಬದ್ಧತೆ ಆಗಿ ಮುಕ್ಕರಿಸಿ ಜೋಲಿ ಇನ್ನಷ್ಟು ಜಗ್ಗುತ್ತದೆ.

ಒಬ್ಬರು ಅಮಾನಿಕೆರೆ ವಾಕಿಂಗ್ ಬಿಟ್ಟು ವರ್ಷವಾಗಿತ್ತು. ಮಂಡಿ ಅನ್ನುತ್ತಿದ್ದರು. ನಿಜ ಏನಂದರೆ ಜೋರಾಗಿ ನಡೆದರೆ ಸೋರುತ್ತಿತ್ತು. ನಡೆಯದೆ ತೂಕ ಏರಿತು, ತೂಕ ಏರಿ ಇನ್ನೂ ಸೋರಿತು. ಹೂಸು ತಡೆಯುವ ಹಾಗೆ ಒಳಗೆ ಬಿಗಿಹಿಡಿದು ಬಿಡುವುದನ್ನು ಹೇಳಿಕೊಟ್ಟೆ. ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ, ಮೂರು ತಿಂಗಳು. ಉಸಿರು ಕಟ್ಟಬಾರದು. ಸೀನು ಬರುವ ಮುಂಚೆಯೂ ಒಮ್ಮೆ ಬಿಗಿಹಿಡಿಯಬೇಕು.

ಮೊನ್ನೆ ಕೆರೆ ಹತ್ತಿರ ಸಿಕ್ಕರು. ಕಪ್ಪು ಚೂಡಿದಾರ್, ಕೈಯಲ್ಲಿ ನೀರಿನ ಬಾಟ್ಲಿ. "ಮಂಡಿ ಹೇಗಿದೆ?" ಅಂದೆ. ಜೋರಾಗಿ ನಕ್ಕರು.