ಅವ್ವನ ಹಲ್ಲಿನ ಸೆಟ್

ಹಾಸನ
ಜನವರಿ 18, 2025, ಶನಿವಾರ

ಇವತ್ತು ಅವ್ವನಿಗೆ ಮೇಣದ ಹಲ್ಲು ಹಾಕಿ ನೋಡಿದರು. ದಂತ ಕಾಲೇಜಿಗೆ ನಾವು ಹೋಗಿದ್ದು ಇದು ನಾಲ್ಕನೇ ಸಲ. ಮೊದಲೆರಡು ಸಲ ದವಡೆಯ ಅಚ್ಚು ತೆಗೆದಿದ್ದರು, ಕಳೆದ ಸಲ ಕಚ್ಚುವ ಅಳತೆ. ಇವತ್ತು ಗುಲಾಬಿ ಬಣ್ಣದ ಮೇಣದ ಮೇಲೆ ಹಲ್ಲು ಜೋಡಿಸಿ ಇಟ್ಟಿದ್ದರು.

"ಗಟ್ಟಿಯಾಗಿ ಕಚ್ಚಬೇಡಿ ಅಜ್ಜಿ, ಇನ್ನೂ ಮೇಣ ಇದು. ಎಲ್ಲಿ, ಸೊಪ್ಪಿನ ಸಾರು ಅನ್ನಿ" ಅಂದರು ಡಾಕ್ಟರ್ ಹುಡುಗಿ.

"ಸೊಪ್ಪಿನ ಸಾರು" ಅಂದಳು ಅವ್ವ. ಎರಡು ವರ್ಷದಿಂದ ಅವಳ ಬಾಯಲ್ಲಿ 'ಸ' ಹೀಗೆ ಸರಿಯಾಗಿ ಹೊರಟಿದ್ದನ್ನು ನಾನು ಕೇಳಿರಲಿಲ್ಲ. ಕನ್ನಡಿ ಕೊಟ್ಟರು. ನೋಡಿಕೊಂಡಳು. ಅಭ್ಯಾಸಕ್ಕೆ ಸೆರಗು ಬಾಯಿಯ ಹತ್ತಿರ ಹೋಯಿತು, ಅಲ್ಲೇ ನಿಂತಿತು, ಕೆಳಗೆ ಇಳಿಯಿತು.

ಈ ಎರಡು ವರ್ಷ ಅವ್ವ ಎಲ್ಲಿಗೂ ಹೊರಡದೆ ಇದ್ದದ್ದು ಮಂಡಿ ನೋವಿಗೆ ಅಂತಲೇ ನಾವೆಲ್ಲ ನಂಬಿದ್ದೆವು. ದುದ್ದದ ಹತ್ತಿರದ ಊರಲ್ಲಿ ತಮ್ಮನ ಮನೆಯಲ್ಲಿರುತ್ತಾಳೆ. ಮೊದಲು ಮದುವೆ, ತಿಥಿ, ಸಂತೆ ಅಂತ ಒಂದನ್ನೂ ಬಿಡುತ್ತಿರಲಿಲ್ಲ. ಆಮೇಲೆ ಒಂದೊಂದೇ ಬಿಟ್ಟಳು. ಕಳೆದ ಅಕ್ಟೋಬರ್‌ನಲ್ಲಿ ಹಾಸನಾಂಬೆ ಬಾಗಿಲು ತೆಗೆದಾಗ ಕರೆದೆ. ವರ್ಷಕ್ಕೊಂದು ಸಲ ಸಿಗುವ ದರ್ಶನ. "ಆ ಕ್ಯೂನಲ್ಲಿ ನಿಲ್ಲೋಕೆ ಮಂಡಿ ಬರಲ್ಲ ಮಗ" ಅಂದಳು. ಹೌದಲ್ವಾ ಅಂದುಕೊಂಡೆ. ಅದೇ ಮಂಡಿ ಹಿತ್ತಲಿನಿಂದ ಸೌದೆ ಹೊರುವುದನ್ನು ನೋಡಿಯೂ ನನಗೆ ಹೊಳೆಯಲಿಲ್ಲ.

ಊಟದಲ್ಲಿ ಗೊತ್ತಾಗಬೇಕಿತ್ತು ಅನ್ನಬಹುದು. ಆದರೆ ನಮ್ಮ ಕಡೆ ಊಟ ಅಂದರೆ ಮುದ್ದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಮುದ್ದೆ ತಿನ್ನುವವರ ಮನೆಯಲ್ಲಿ ಬೊಚ್ಚುಬಾಯಿ ಎಷ್ಟು ದಿನ ಬೇಕಾದರೂ ಬಚ್ಚಿಟ್ಟುಕೊಂಡಿರಬಹುದು. ಅಕ್ಕಿ ರೊಟ್ಟಿ ಮಾಡಿದ ದಿನ "ಹಸಿವಿಲ್ಲ" ಅನ್ನುತ್ತಿದ್ದಳಂತೆ. ಸಾರಿನ ಅವರೆಕಾಳು ತಟ್ಟೆಯಂಚಿಗೆ ಹೋಗುತ್ತಿತ್ತಂತೆ. ತಮ್ಮನ ಹೆಂಡತಿ ಈಗ ಒಂದೊಂದೇ ನೆನಪು ಮಾಡಿಕೊಂಡು ಹೇಳುತ್ತಾಳೆ.

ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಎಲೆ ಅಡಿಕೆ ಕುಟ್ಟಾಣಿ ಹುಡುಕುತ್ತಿದ್ದೆ. ಅದರ ಹಿಂದಿದ್ದ ಹಾರ್ಲಿಕ್ಸ್ ಡಬ್ಬಿಯಲ್ಲಿ ಅವ್ವನ ಹಳೇ ಸೆಟ್ ಸಿಕ್ಕಿತು. ನೀರಿಲ್ಲದೆ ಒಣಗಿ, ಒಂದು ಕಡೆ ಸೀಳಿತ್ತು. ಕೇಳಿದರೆ "ಲೂಸಾಗಿತ್ತು, ಬಿಡು" ಅಂದಳು, ಅಷ್ಟೇ.

ಉಳಿದದ್ದು ಹೇಳಿದ್ದು ಇವತ್ತು, ಬಸ್ಸಿಗೆ ಕಾಯುವಾಗ, ಮುಖ ಆಕಡೆ ತಿರುಗಿಸಿಕೊಂಡು. ದೊಡ್ಡಪ್ಪನ ಮೊಮ್ಮಗನ ಬೀಗರೂಟದಲ್ಲಿ ಮಾಂಸ ಅಗಿಯುವಾಗ ಕೆಳಗಿನ ಸೆಟ್ ಕಳಚಿ ಎಲೆ ಮೇಲೆ ಬಿತ್ತಂತೆ. "ಎದುರುಗಡೆ ಬೀಗರು ಕೂತಿದ್ರು ಮಗ. ಒಂದು ಹುಡುಗ ನಗಾಡ್ತು. ಸೆರಗಲ್ಲಿ ಸುತ್ಕೊಂಡು ಎದ್ದು ಬಂದೆ." ಆವತ್ತಿನಿಂದ ಯಾವ ಊಟಕ್ಕೂ ಹೋಗಿಲ್ಲ. ಊಟಕ್ಕೆ ಹೋಗದವಳು ಮದುವೆಗೂ ಹೋಗಲಿಲ್ಲ, ಆಮೇಲೆ ಪಕ್ಕದ ಮನೆ ಜಗಲಿಗೂ ಹೋಗಲಿಲ್ಲ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವಳ ಕೈ ಹಿಡಿದುಕೊಂಡು ನಿಂತಿದ್ದೆ.

ಸೆಟ್ ಯಾಕೆ ಸಡಿಲವಾಗುತ್ತದೆ ಅಂತ ಡಾಕ್ಟರ್ ಮೊದಲ ದಿನವೇ ತಿಳಿಸಿದ್ದರು. ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ವರ್ಷ ವರ್ಷ ಸವೆಯುತ್ತದೆ, ಕೆಳಗಿನದು ಜಾಸ್ತಿ. ಸೆಟ್ ಇದ್ದ ಹಾಗೇ ಇರುತ್ತದೆ, ಅದು ಕೂರುವ ಜಾಗ ಕುಗ್ಗುತ್ತದೆ. ಅದಕ್ಕೇ ಒಂದು ಸಲ ಹಲ್ಲು ಕಟ್ಟಿಸಿದರೆ ಮುಗಿಯಿತು ಅಂತಲ್ಲ, ಆಗಾಗ ತೋರಿಸಿ ಸರಿ ಮಾಡಿಸಬೇಕು. ಹಿಂದೆ ಸೆಟ್ ಮಾಡಿಕೊಟ್ಟವರು ಈ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಹಲ್ಲು ಹೋದವರು ಹೊರಗೆ ಹೋಗುವುದನ್ನೂ ಬಿಡುತ್ತಾರಾ ಅಂತ ಜಪಾನಿನಲ್ಲಿ ಅಳೆದು ನೋಡಿದ್ದಾರೆ. 4,390 ಹಿರಿಯರನ್ನು 2006ರಲ್ಲಿ ವಿಚಾರಿಸಿ, 2010ರಲ್ಲಿ ಮತ್ತೆ ವಿಚಾರಿಸಿದರು. ವಾರಕ್ಕೆ ಒಂದು ಸಲವೂ ಹೊರಗೆ ಕಾಲಿಡದವರನ್ನು ಮನೆ ಹಿಡಿದವರು ಅಂತ ಲೆಕ್ಕ ಹಾಕಿದರು. 65ರಿಂದ 74 ವಯಸ್ಸಿನವರಲ್ಲಿ, 20ಕ್ಕಿಂತ ಕಡಿಮೆ ಹಲ್ಲಿದ್ದು ಸೆಟ್ಟೂ ಇಲ್ಲದವರು ಮನೆ ಹಿಡಿಯುವ ಸಾಧ್ಯತೆ, 20 ಅಥವಾ ಹೆಚ್ಚು ಹಲ್ಲು ಉಳಿಸಿಕೊಂಡವರಿಗಿಂತ ಸುಮಾರು 1.8 ಪಟ್ಟು ಜಾಸ್ತಿ ಇತ್ತು. ಅವ್ವನಿಗೆ 71. ಹಲ್ಲೊಂದೇ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ, ನಿಜ. ಆದರೆ ಓದುವಾಗ ನನ್ನ ಕಣ್ಮುಂದೆ ಇದ್ದದ್ದು ಆ ಹಾರ್ಲಿಕ್ಸ್ ಡಬ್ಬಿ. ಹೊರಗೆ ಹೋಗದವರು ಹಲ್ಲಿನ ಡಾಕ್ಟರ್ ಹತ್ತಿರವೂ ಹೋಗುವುದಿಲ್ಲ, ಬಾಯಿ ಇನ್ನಷ್ಟು ಕೆಡುತ್ತದೆ. ಅದೇ ಜಪಾನಿನಲ್ಲಿ 80 ವರ್ಷಕ್ಕೆ 20 ಹಲ್ಲು ಉಳಿಸಿಕೊಳ್ಳಿ ಅಂತ 1989ರಿಂದಲೇ ಹೇಳುತ್ತಾ ಬಂದಿದ್ದಾರೆ. ನಮ್ಮ ಮನೆಗಳಲ್ಲಿ ವಯಸ್ಸಾದವರಿಗೆ ಶುಗರ್, ಬಿಪಿ ಕೇಳುತ್ತೇವೆ. ಬಾಯಿ ತೆಗೆಸಿ ನೋಡುವವರು ಯಾರು?

ಹೊಗೆಸೊಪ್ಪು ಬಿಡಲೇಬೇಕು ಅಂತ ಡಾಕ್ಟರ್ ಇವತ್ತು ಗಟ್ಟಿಯಾಗಿಯೇ ಹೇಳಿದರು. ಅವ್ವ ತಲೆ ಆಡಿಸಿದಳು. ನಂಬಿಕೆ ಇಲ್ಲ ನನಗೆ, ಬೆನ್ನು ಬೀಳಬೇಕು. ಹೊಸ ಸೆಟ್ ಮುಂದಿನ ವಾರ ಸಿಗುತ್ತದೆ. ಮೊದಮೊದಲು ಒತ್ತಿ ಹುಣ್ಣಾದರೆ ಸುಮ್ನೆ ತೆಗೆದಿಡದೆ ಬಂದು ತೋರಿಸಬೇಕು. ರಾತ್ರಿ ತೆಗೆದು, ಉಜ್ಜಿ ತೊಳೆದು, ತಣ್ಣೀರಿನಲ್ಲಿ ಹಾಕಿಡಬೇಕು. ತಮ್ಮನ ಹೆಂಡತಿಗೆ ಫೋನ್ ಮಾಡಿ ಎಲ್ಲ ಹೇಳಿದ್ದೇನೆ.

ಬಸ್ಸು ಹತ್ತಿಸಿದ ಮೇಲೆ ಅವ್ವ ಕಿಟಕಿಯಿಂದ ಕೇಳಿದಳು: "ಫೆಬ್ರವರಿಲಿ ನಿಮ್ಮ ಚಿಕ್ಕಮ್ಮನ ಮನೆ ಮದುವೆ ಎಷ್ಟನೇ ತಾರೀಕು ಮಗ?"