ಸಿಸ್ಟಮ್‌ಡಿ ಜಗಳ ನಮ್ಮ ಸರ್ವರ್‌ಗೂ ಬಂತು

2020ರಲ್ಲಿ ನಮ್ಮ ಸರ್ವರ್‌ನ ಲಿನಕ್ಸ್ ಆದ ಸೆಂಟ್‌ಓಎಸ್ 6ರ ಸಪೋರ್ಟ್ ಮುಗಿಯುವುದಿತ್ತು. ಹಾಗಾಗಿ ಹಳೇ ಬಿಲ್ಲಿಂಗ್ ಸರ್ವಿಸನ್ನು ಸೆಂಟ್‌ಓಎಸ್ 7ಕ್ಕೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. 7ರಲ್ಲಿ ಸರ್ವಿಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವುದು ಸಿಸ್ಟಮ್‌ಡಿ, ಅಂದರೆ ಮಷೀನ್ ಆನ್ ಆದಾಗ ಮೊದಲನೇ ಪ್ರೋಸೆಸ್ ಆಗಿ ಓಡುವ ಪ್ರೋಗ್ರಾಂ. ಅಲ್ಲಿಯವರೆಗೆ ಬಿಲ್ಲಿಂಗನ್ನು ಸ್ಟಾರ್ಟ್ ಮಾಡುತ್ತಿದ್ದದ್ದು ಒಂದು ಉದ್ದದ ಶೆಲ್ ಸ್ಕ್ರಿಪ್ಟ್. ಬಂದು ಹೋದವರೆಲ್ಲ ಅದಕ್ಕೆ ಒಂದೊಂದು ಸಾಲು ಸೇರಿಸಿದ್ದರು, ಅಳಿಸುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಆ ಸ್ಕ್ರಿಪ್ಟ್ ಬಿಲ್ಲಿಂಗ್‌ನ ಪ್ರೋಸೆಸ್ ನಂಬರನ್ನು (ಓಡುವ ಪ್ರತಿ ಪ್ರೋಗ್ರಾಂಗೂ ಸಿಗುವ ನಂಬರ್) ತನ್ನದೇ ಫೋಲ್ಡರ್‌ನಲ್ಲಿ ಒಂದು ಫೈಲಿಗೆ ಬರೆದಿಡುತ್ತಿತ್ತು. ಒಮ್ಮೆ ಕರೆಂಟ್ ಹೋಗಿ ಮಷೀನ್ ದಿಢೀರ್ ಆಫ್ ಆದಾಗ ಆ ಫೈಲ್ ಹಾಗೇ ಉಳಿದುಬಿಟ್ಟಿತು, ಮತ್ತೆ ಆನ್ ಆದಾಗ ಅದೇ ನಂಬರ್ ಬೇರೆ ಯಾವುದೋ ಪ್ರೋಸೆಸ್‌ಗೆ ಸಿಕ್ಕಿತ್ತು, ಸ್ಕ್ರಿಪ್ಟ್ ಅದನ್ನು ನೋಡಿ 'ಆಗಲೇ ಓಡ್ತಿದೆ' ಅಂತ ಸುಮ್ಮನಾಯಿತು. ಬೆಳಿಗ್ಗೆಯವರೆಗೆ ಬಿಲ್ಲಿಂಗ್ ಇಲ್ಲ.

ಸಿಸ್ಟಮ್‌ಡಿಗೆ ಈ ಫೈಲ್ ಬೇಕಿಲ್ಲ. ಪ್ರತಿ ಸರ್ವಿಸನ್ನೂ ಸಿಗ್ರೂಪ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಾದ ಕರ್ನೆಲ್ ನೋಡಿಕೊಳ್ಳುವ ಪ್ರೋಸೆಸ್‌ಗಳ ಗುಂಪಿನಲ್ಲಿ, ಇಡುತ್ತದೆ, ಅದರಿಂದ ಹುಟ್ಟಿದ ಪ್ರೋಸೆಸ್‌ಗಳೂ ಅಲ್ಲೇ ಇರುತ್ತವೆ. ಅಷ್ಟುದ್ದದ ಸ್ಕ್ರಿಪ್ಟ್ ಹೋಗಿ, ಸರ್ವಿಸನ್ನು ಹೇಗೆ ಓಡಿಸಬೇಕು ಅಂತ ಸಿಸ್ಟಮ್‌ಡಿಗೆ ಹೇಳುವ ಪುಟ್ಟ ಯೂನಿಟ್ ಫೈಲ್ ಬಂತು, ಬಿದ್ದರೆ ತಾನಾಗಿ ಎದ್ದೇಳಲಿ ಅಂತ ಅದರಲ್ಲೇ ಒಂದು ಸಾಲು. ನನಗಂತೂ ಖುಷಿ.

ನಮ್ಮ ಸೀನಿಯರ್ ಒಬ್ಬರಿಗೆ ಖುಷಿ ಇಲ್ಲ. "ಮೊದಲನೇ ಪ್ರೋಸೆಸ್ ಎಲ್ಲರನ್ನೂ ಎಬ್ಬಿಸಿ ಪಕ್ಕಕ್ಕೆ ಕೂರಬೇಕಪ್ಪಾ. ಇದು ಲಾಗ್ ನೋಡುತ್ತೆ, ಲಾಗಿನ್ ನೋಡುತ್ತೆ, ನೆಟ್‌ವರ್ಕ್‌ಗೂ ಕೈ ಹಾಕುತ್ತೆ" ಅಂದರು. ಅವೆಲ್ಲ ಬೇರೆ ಬೇರೆ ಪ್ರೋಗ್ರಾಂ ಸರ್ ಅಂದೆ. "ಬೇರೆ ಮನೆ ಆದ್ರೂ ಒಂದೇ ಸಂಸಾರ ಅಲ್ವಾ?"

ಅವರ ಸಿಟ್ಟು ಹಳೆಯದು. 2010ರಲ್ಲಿ ಲೆನಾರ್ಟ್ ಪಾಟರಿಂಗ್ ಮತ್ತು ಕೇ ಸೀವರ್ಸ್ ಇದನ್ನು ಶುರು ಮಾಡಿದಾಗಲೇ ಅವರಿಗೆ ಹಿಡಿಸಿರಲಿಲ್ಲ, ಆದರೂ ಮರುವರ್ಷ ಅದು ಫೆಡೋರಾ 15 ಅನ್ನೋ ಲಿನಕ್ಸ್‌ಗೆ ಬಂದಾಗ ತಲೆ ಕೆಡಿಸಿಕೊಂಡಿರಲಿಲ್ಲ, ಯಾಕಂದ್ರೆ ಅವರು ಇನ್ನೊಂದು ಲಿನಕ್ಸ್ ಆದ ಡೆಬಿಯನ್ ಮನುಷ್ಯ. 2014ರ ಫೆಬ್ರವರಿಯಲ್ಲಿ ಡೆಬಿಯನ್‌ಗೆ ಯಾವುದು ಇರಬೇಕು ಅಂತ ತಾಂತ್ರಿಕ ಸಮಿತಿ ಮತ ಹಾಕಿದಾಗ ಸಿಸ್ಟಮ್‌ಡಿಗೆ ಅರ್ಧ, ಅದೇ ಕೆಲಸದ ಅಪ್‌ಸ್ಟಾರ್ಟ್‌ಗೆ ಅರ್ಧ ಅಂತ ಸಮಸಮ ಆಯಿತು. ಅಧ್ಯಕ್ಷ ಬಿಡೇಲ್ ಗಾರ್ಬಿ ಅವರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಕೆಲವೇ ದಿನಗಳಲ್ಲಿ ಉಬುಂಟು ಕೂಡ ತನ್ನದೇ ಅಪ್‌ಸ್ಟಾರ್ಟ್ ಬಿಟ್ಟು ಅದೇ ದಾರಿ ಹಿಡಿಯುವುದಾಗಿ ಹೇಳಿತು. ಒಪ್ಪದವರು ಸಿಸ್ಟಮ್‌ಡಿ ಇಲ್ಲದ ಡೆಬಿಯನ್ ಆಗಿ ಡೆವುವಾನ್ ಕಟ್ಟಿಕೊಂಡರು. ಸೀನಿಯರ್ ಮನೆಯ ಮಷೀನ್‌ನಲ್ಲಿ ಈಗಲೂ ಅದೇ.

ನನಗನಿಸುವುದು, ಸಿಸ್ಟಮ್‌ಡಿಯಿಂದ ಬೂಟ್ ಎಷ್ಟು ಬೇಗ ಆಗುತ್ತೆ ಅನ್ನುವುದು ಅಂಥವರಿಗೆ ಮುಖ್ಯವೇ ಆಗಿರಲಿಲ್ಲ. ಗ್ನೋಮ್ ಡೆಸ್ಕ್‌ಟಾಪ್ ಬೇಕೆಂದರೆ ಲಾಗಿನ್ ನೋಡುವ ಲಾಗಿನ್‌ಡಿ ಬೇಕು, ಲಾಗಿನ್‌ಡಿ ಬೇಕೆಂದರೆ ಸಿಸ್ಟಮ್‌ಡಿ ಬೇಕು ಅನ್ನೋ ಸ್ಥಿತಿ ಬಂದಿತ್ತಲ್ಲ, ಅದು ಚುಚ್ಚಿತ್ತು. ಅದು ಸುಳ್ಳು ಅನ್ನಲು ನನಗೂ ಆಗುವುದಿಲ್ಲ.

ಮಧ್ಯಾಹ್ನ ಟೆಸ್ಟ್ ಮಾಡುವಾಗ ಮಷೀನ್ ರೀಬೂಟ್ ಮಾಡಿ, ಹಿಂದಿನ ಬೂಟ್‌ನ ಲಾಗ್ ತೋರಿಸು ಅಂತ ಜರ್ನಲ್‌ಸಿಟಿಎಲ್‌ಗೆ (ಸಿಸ್ಟಮ್‌ಡಿಯ ಲಾಗ್ ಆದ ಜರ್ನಲ್ ತೋರಿಸುವ ಕಮಾಂಡ್) ಕೇಳಿದೆ. ಏನೂ ಇಲ್ಲ! ಸೆಂಟ್‌ಓಎಸ್ 7ರಲ್ಲಿ /var/log/journal ಅನ್ನೋ ಫೋಲ್ಡರ್ ಮೊದಲೇ ಇರುವುದಿಲ್ಲ, ನಾವೇ ಮಾಡಿಕೊಳ್ಳದಿದ್ದರೆ ಜರ್ನಲ್ ಮೆಮೊರಿಯಲ್ಲೇ ಇದ್ದು ರೀಬೂಟ್ ಆದಕೂಡಲೇ ಹೋಗಿಬಿಡುತ್ತದೆ. ಸೀನಿಯರ್ ಏನೂ ಅನ್ನದೆ ನನ್ನ ಕೀಬೋರ್ಡ್ ಎಳೆದುಕೊಂಡು ಮೆಸೇಜಸ್ ಅನ್ನೋ ಲಾಗ್ ಫೈಲಿನಲ್ಲಿ ಗ್ರೆಪ್ ಕಮಾಂಡ್‌ನಿಂದ ಹುಡುಕಿದರು. ಲಾಗ್ ಬರೆಯುವ ಬೇರೆಯದೇ ಪ್ರೋಗ್ರಾಂ ಆದ ಆರ್‌ಸಿಸ್‌ಲಾಗ್ ಎಲ್ಲವನ್ನೂ ಸಾದಾ ಅಕ್ಷರಗಳಲ್ಲಿ ಬರೆದಿಟ್ಟಿತ್ತು.

ಫೋಲ್ಡರ್ ಮಾಡಿದೆ. ಯೂನಿಟ್ ಫೈಲ್‌ಗೆ ಅವರು ಓಕೆ ಅಂದರು, "ಆರ್‌ಸಿಸ್‌ಲಾಗ್ ಮುಟ್ಟಿದ್ರೆ ನೋಡು" ಅಂತಾನೂ ಸೇರಿಸಿದರು. ಈಗ ಡೆಬಿಯನ್ 12ರಿಂದ ಅದು ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ. ನಮ್ಮ ಹೊಸ ಮಷೀನ್‌ಗಳಲ್ಲಿ ನಾವೇ ಹಾಕಿಕೊಳ್ಳುತ್ತೇವೆ.