ರಾಡಿನ ಅಂಚಿನ ಉಂಗುರ

ಅಲ್ಯೂಮಿನಿಯಂ ಎಕ್ಸ್‌ಟ್ರೂಶನ್, ಅಂದರೆ ಬಿಸಿ ಲೋಹವನ್ನು ಅಚ್ಚಿನ ತೂತಿನಿಂದ ತಳ್ಳಿ ರಾಡ್ ಮಾಡುವ ಕೆಲಸದಲ್ಲಿ ಎಲ್ಲರೂ ಜಾಸ್ತಿ ನಂಬುವುದು ಎರಡು ಅಂಕಿಗಳನ್ನು. ಒಂದು ಪ್ರೆಸ್ಸಿನ ಟೆಂಪರೇಚರ್, ಇನ್ನೊಂದು ಏಜಿಂಗ್ (ಹದವಾದ ಬಿಸಿಯಲ್ಲಿಟ್ಟು ಗಟ್ಟಿ ಮಾಡುವುದು) ಆದಮೇಲೆ ಬರುವ ಹಾರ್ಡ್‌ನೆಸ್, ಅಂದರೆ ಗಡಸುತನ. ನಾನು ಕ್ವಾಲಿಟಿ ಲ್ಯಾಬಿನವಳು. ಇವೆರಡರ ನಡುವೆ ಲೋಹದೊಳಗೆ ಏನಾಯಿತು ಅನ್ನುವುದೇ ನನಗೆ ಮುಖ್ಯ. ಅದನ್ನು ನೋಡಬೇಕಾದರೆ ರಾಡ್ ಕತ್ತರಿಸಲೇಬೇಕು.

6082 ಅಲಾಯ್‌ನ (ಮೆಗ್ನೀಸಿಯಂ, ಸಿಲಿಕಾನ್ ಬೆರೆತ ಅಲ್ಯೂಮಿನಿಯಂ) ರಾಡಿನಿಂದ ಅಡ್ಡಕ್ಕೆ ಒಂದು ತುಂಡು ಕೊಯ್ದು, ಎಮರಿ ಪೇಪರ್ ಮೇಲೆ ಉಜ್ಜಿ, ಬಿಸಿ ಕಾಸ್ಟಿಕ್ ಸೋಡಾದಲ್ಲಿ ಅದ್ದುತ್ತೇವೆ. ಬುರುಬುರು ಅಂತ ಗುಳ್ಳೆ ಏಳುತ್ತದೆ. ಹೊರಗೆ ತೆಗೆದರೆ ಮೈಯೆಲ್ಲ ಕಪ್ಪು ಮಸಿ. ನೀರಲ್ಲಿ ತೊಳೆದು ನೈಟ್ರಿಕ್ ಆಸಿಡ್‌ಗೆ ಹಾಕಿದಾಗ ಮಸಿ ಬಿಡುತ್ತದೆ. ನಡುಭಾಗ ನುಣ್ಣಗೆ, ಮಂಕು ಬೂದು ಬಣ್ಣ. ಅಂಚಿನ ಸುತ್ತ ಮಾತ್ರ ದಪ್ಪ ಗ್ರೇನ್‌ಗಳ, ಅಂದರೆ ಲೋಹದ ಹರಳುಗಳ, ಉಂಗುರ. ಮೈಕ್ರೊಸ್ಕೋಪೇ ಬೇಡ. ತುಂಡನ್ನು ಬೆಳಕಿಗೆ ಓರೆ ಮಾಡುತ್ತಾ ಹೋದರೆ ಒಂದು ಗ್ರೇನ್ ಮಿನುಗಿ ಮಂಕಾಗುತ್ತದೆ, ಪಕ್ಕದ್ದು ಮಿನುಗುತ್ತದೆ.

ಒಂದೇ ಬಿಲ್ಲೆಟ್ (ಪ್ರೆಸ್ಸಿಗೆ ಹಾಕುವ ಲೋಹದ ದಿಮ್ಮಿ), ಒಂದೇ ಡೈ (ಅಚ್ಚು). ಆದರೂ ಯಾಕೆ ಹೀಗೆ?

ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಾವು ಈ ಅಲಾಯ್ ಅನ್ನು ಡೈಯೊಳಗೆ ತಳ್ಳುವುದು 450ರಿಂದ 500ರ ಆಸುಪಾಸಿನಲ್ಲಿ. ತಳ್ಳಿದಾಗ ಹರಳಿನ ಜೋಡಣೆ ಅಲ್ಲಲ್ಲಿ ತಪ್ಪಿ, ಡಿಸ್‌ಲೊಕೇಶನ್ ಅನ್ನುವ ಗೆರೆಗಳು ಲೆಕ್ಕವಿಲ್ಲದಷ್ಟು ಹುಟ್ಟುತ್ತವೆ. ತಾಮ್ರದಲ್ಲಾದರೆ ಅವು ಸಿಕ್ಕಿಹಾಕಿಕೊಂಡು ಗುಡ್ಡೆಯಾಗುತ್ತವೆ. ಆ ಒತ್ತಡಕ್ಕೆ ಅಲ್ಲೇ ಹೊಸ ಗ್ರೇನ್‌ಗಳು ಮೊಳೆಯುತ್ತವೆ. ಅಲ್ಯೂಮಿನಿಯಂ ಹಾಗಲ್ಲ. ಇದರಲ್ಲಿ ಸ್ಟ್ಯಾಕಿಂಗ್ ಫಾಲ್ಟ್ ಎನರ್ಜಿ (ಹರಳಿನ ಪದರಗಳ ಸರದಿ ತಪ್ಪಲು ಬೇಕಾಗುವ ಶಕ್ತಿ) ಜಾಸ್ತಿ, ಹಾಗಾಗಿ ಡಿಸ್‌ಲೊಕೇಶನ್‌ಗಳು ಸಲೀಸಾಗಿ ಒಂದು ಪದರದಿಂದ ಇನ್ನೊಂದಕ್ಕೆ ದಾಟುತ್ತವೆ. ಎದುರುಬದುರಾದವು ಒಂದನ್ನೊಂದು ಅಳಿಸಿಹಾಕುತ್ತವೆ. ಉಳಿದವು ಸಾಲಾಗಿ ನಿಂತು ಗೋಡೆಗಳಾಗುತ್ತವೆ. ಹೀಗೆ ದೊಡ್ಡ ಗ್ರೇನಿನೊಳಗೇ ಸಣ್ಣ ಸಣ್ಣ ಸಬ್‌ಗ್ರೇನ್‌ಗಳು. ಇದೇ ಡೈನಾಮಿಕ್ ರಿಕವರಿ. ಹೆಚ್ಚು ಬಿಸಿಯಲ್ಲಿ ನಿಧಾನಕ್ಕೆ ತಳ್ಳಿದರೆ ಸಬ್‌ಗ್ರೇನ್ ದೊಡ್ಡದು, ಕಡಿಮೆ ಬಿಸಿಯಲ್ಲಿ ವೇಗವಾಗಿ ತಳ್ಳಿದರೆ ಸಣ್ಣದು. ಬಿಸಿ, ವೇಗ ಎರಡನ್ನೂ ಒಂದೇ ಲೆಕ್ಕಕ್ಕೆ ತರುವ ಸೂತ್ರವನ್ನು ಝೀನರ್ ಮತ್ತು ಹಾಲೊಮನ್ ಎಂಬ ವಿಜ್ಞಾನಿಗಳು 1944ರಲ್ಲೇ ಕೊಟ್ಟಿದ್ದರು. ಈಗಲೂ ಅದೇ ನಡೆಯುತ್ತಿದೆ.

ಇನ್ನೂ ಅದುಮಿದರೆ ಗ್ರೇನ್‌ಗಳು ಅವಲಕ್ಕಿಯ ಹಾಗೆ ಚಪ್ಪಟೆಯಾಗುತ್ತವೆ. ಅವುಗಳ ಅಂಚು ನೇರ ಇರುವುದಿಲ್ಲ, ಸಬ್‌ಗ್ರೇನ್ ಇರುವಲ್ಲೆಲ್ಲ ಗರಗಸದಂತೆ ಹಲ್ಲು ಹಲ್ಲು. ದಪ್ಪ ಸುಮಾರು ಎರಡು ಸಬ್‌ಗ್ರೇನ್‌ನಷ್ಟಕ್ಕೆ ಇಳಿದಾಗ ಮೇಲಿನ ಹಲ್ಲು ಕೆಳಗಿನದ್ದಕ್ಕೆ ತಾಗಿ ಗ್ರೇನ್ ತುಂಡಾಗುತ್ತದೆ. ಯಾವ ಹೊಸ ಮೊಳಕೆಯೂ ಇಲ್ಲದೆ ಹೊಸ ಗ್ರೇನ್‌ಗಳು! ಇದನ್ನು ಜಾಮೆಟ್ರಿಕ್ ಡೈನಾಮಿಕ್ ರೀಕ್ರಿಸ್ಟಲೈಸೇಶನ್ ಅನ್ನುತ್ತಾರೆ. ಲೋಹಶಾಸ್ತ್ರದಲ್ಲಿ ನನಗೆ ಇದಕ್ಕಿಂತ ಚೆಂದದ ವಿಷಯ ಇನ್ನೊಂದಿಲ್ಲ.

ಈಗ ಉಂಗುರಕ್ಕೆ ಬರೋಣ. ಕಂಟೇನರ್ (ಬಿಲ್ಲೆಟ್ ಕೂರುವ ಕೊಳವೆ) ಗೋಡೆ, ಡೈ ಬೇರಿಂಗ್ (ಡೈ ತೂತಿನ ಒಳಮೈ) ಇವುಗಳಿಗೆ ಉಜ್ಜಿಕೊಂಡು ಬರುವುದು ಅಂಚಿನ ಲೋಹ. ಅದಕ್ಕೆ ಬೀಳುವ ಪೆಟ್ಟು ನಡುಭಾಗಕ್ಕಿಂತ ಎಷ್ಟೋ ಜಾಸ್ತಿ, ಶಾಖವೂ ಜಾಸ್ತಿ. ಡೈ ದಾಟಿದ ಮೇಲೂ ರಾಡ್ ಬಿಸಿಯಾಗಿಯೇ ಇರುತ್ತದೆ ಅಲ್ವಾ? ಒಳಗೆ ಕೂಡಿಟ್ಟ ಶಕ್ತಿ ಆಗ ಹೊಸ ಗ್ರೇನ್‌ಗಳನ್ನು ಬೆಳೆಸುತ್ತದೆ. 6082ರಲ್ಲಿ ಮ್ಯಾಂಗನೀಸ್‌ನಿಂದಾದ ಸೂಕ್ಷ್ಮ ಕಣಗಳಿವೆ, ಗ್ರೇನ್ ಗಡಿ ಸರಿಯದಂತೆ ತಡೆಯುವುದು ಅವೇ. ನಡುವೆ ಅವು ಗೆಲ್ಲುತ್ತವೆ, ಅಂಚಿನಲ್ಲಿ ಸೋಲುತ್ತವೆ.

ಈ ಉಂಗುರ ಸುಮ್ನೆ ನೋಟದ ವಿಷಯವಲ್ಲ. ಅಲ್ಲಿ ಬಲ ಕಡಿಮೆ, ಫೆಟೀಗ್ (ಮತ್ತೆ ಮತ್ತೆ ಭಾರ ಬಿದ್ದು ದಣಿದು ಬಿರುಕು ಬಿಡುವುದು) ತಡೆಯುವ ಶಕ್ತಿಯೂ ಕಡಿಮೆ. ಬಗ್ಗಿಸಿದರೆ ಕಿತ್ತಳೆ ಸಿಪ್ಪೆಯ ಹಾಗೆ ಮೇಲ್ಮೈ ಒರಟಾಗುತ್ತದೆ. ಹಾರ್ಡ್‌ನೆಸ್ ಬರುವುದು ಮುಖ್ಯವಾಗಿ ಏಜಿಂಗ್‌ನಲ್ಲಿ ಹುಟ್ಟುವ ಮೆಗ್ನೀಸಿಯಂ-ಸಿಲಿಕಾನ್ ಕಣಗಳಿಂದ. ಹಾಗಾಗಿ ಆ ಅಂಕಿಯೊಂದನ್ನೇ ನೋಡುವವರಿಗೆ ಉಂಗುರ ಇರುವುದೇ ಗೊತ್ತಾಗದೆ ಹೋಗಬಹುದು.

ಯಾವ ಬಿಸಿಯಲ್ಲಿ, ಯಾವ ವೇಗದಲ್ಲಿ ತಳ್ಳಿದರೆ ಕ್ಷೇಮ ಎಂದು ತೋರಿಸುವ ಪ್ರೊಸೆಸಿಂಗ್ ಮ್ಯಾಪ್‌ಗಳಿವೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಪ್ರೊ. ವೈ.ವಿ.ಆರ್.ಕೆ. ಪ್ರಸಾದ್ ಮತ್ತು ಅವರ ತಂಡ ಅಂಥ ಎಷ್ಟೋ ಮ್ಯಾಪ್‌ಗಳನ್ನು ಮಾಡಿಟ್ಟಿದೆ. ನಮ್ಮ ಊರಿನ ಈ ಕೆಲಸ ಪ್ರೆಸ್ ಮುಂದೆ ನಿಲ್ಲುವವರ ಕೈಗೂ ಸಿಗಬೇಕು ಅನ್ನುವುದು ನನ್ನ ಆಸೆ.

ನೀವೂ ಸ್ಯಾಂಪಲ್ ತರಿಸುವವರಾದರೆ ರಾಡಿನಲ್ಲಿ ಪ್ರೆಸ್ಸಿನಿಂದ ಕೊನೆಗೆ ಹೊರಬಂದ ತುದಿಯ ತುಂಡನ್ನೇ ಕೇಳಿ. ಡೈರೆಕ್ಟ್ ಎಕ್ಸ್‌ಟ್ರೂಶನ್‌ನಲ್ಲಿ (ನಿಂತ ಡೈ ಕಡೆಗೆ ಬಿಲ್ಲೆಟ್ ಅನ್ನೇ ತಳ್ಳುವ ವಿಧಾನ) ರಾಡಿನ ಹಿಂದಿನ ತುದಿಗೆ ಹೋದಂತೆ ಉಂಗುರ ದಪ್ಪವಾಗುತ್ತದೆ. ಮುಂದಿನ ತುಂಡು ಚೆನ್ನಾಗಿ ಕಂಡಿತು ಅಂತ ಇಡೀ ಲಾಟ್ ಪಾಸ್ ಮಾಡಬೇಡಿ.